ಯಾವುದರ ಎಪ್ಪತ್ತು?

2023ರ ಮಾರ್ಚ್ 14, ಮಂಗಳವಾರ, ಬೆಳಗ್ಗೆ 9 ಗಂಟೆ 40 ನಿಮಿಷಕ್ಕೆ ತಂಗಿ ಅಕ್ಕನ ಟೈಲರಿಂಗ್ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ವಿಚಿತ್ರ ಉಡುಪು ಅಂಗಾತ ಮಲಗಿತ್ತು. ಬಣ್ಣ ನೇರಳೆ. ಬಟ್ಟೆ ಮುಟ್ಟಿದರೆ ಬೆರಳಿನಿಂದ ಜಾರುವಂಥದು. ಉದ್ದ ಕತ್ತಿನಿಂದ ಹಿಮ್ಮಡಿಯವರೆಗೆ. ಅಗಲ ಮಾತ್ರ ಒಂದೂವರೆ ಗೇಣು.

"ಇದೇನಕ್ಕಾ, ಯಾರ ಕೊಡೆಗೆ ಕವರ್ ಹೊಲೀತಿದ್ದೀಯ?"

ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಭಾವ ಗೋಡೆಯ ಕಡೆ ತಿರುಗಿಕೊಂಡರು. ಅವರ ಮುಖ ಕಾಣಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು.

"ಕೊಡೆಗಲ್ಲ ಕಣೇ, ನನಗೆ!" ಎಂದಳು ಅಕ್ಕ. ಆ ಉಡುಪನ್ನು ಎತ್ತಿ ತನ್ನ ಎದೆಗೆ ಹಿಡಿದುಕೊಂಡಳು. ಅಕ್ಕನ ಮುಂದೆ ಅದು ಬಾಗಿಲಿನ ಮೇಲೆ ಇಳಿಬಿಟ್ಟ ರಿಬ್ಬನ್ನಿನಂತೆ ಕಂಡಿತು. "ಮುಂದಿನ ವರ್ಷ ಮಾರ್ಚಿಗೆ ಹಾಕ್ಕೊಳ್ಳೋ ಗೌನು. ಹೇಗಿದೆ?"

ತಂಗಿ ನಗಲು ಬಾಯಿ ತೆರೆದಳು. ಅಕ್ಕನ ಮುಖದಲ್ಲಿ ತಮಾಷೆಯ ಗುರುತು ಒಂದೂ ಕಾಣದೆ ಹಾಗೇ ಮುಚ್ಚಿದಳು.

ಬರುವ ಶುಕ್ರವಾರ ಬೆಳಗ್ಗೆ ಎಂಟಕ್ಕೆ ಅಕ್ಕನಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ. ರೋಬೋಟಿನ ತೋಳುಗಳಿಂದ ಜಠರದ ಬಹುಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಹೊಲಿದು ಸಣ್ಣ ಚೀಲವಾಗಿಸುವುದು. ವಿಷಯ ಗೊತ್ತಾದ ದಿನದಿಂದ ಅಕ್ಕ ಬಂದ ಗಿರಾಕಿಗಳಿಗೆಲ್ಲ, "ಮೂವತ್ತು ವರ್ಷದಿಂದ ಊರಿಗೆಲ್ಲ ಆಲ್ಟರೇಷನ್ ಮಾಡಿಕೊಟ್ಟೆ, ಈಗ ನನಗೇ ಆಲ್ಟರೇಷನ್" ಎಂದು ಡಂಗುರ ಹೊಡೆಯುತ್ತಿದ್ದಳು. ತೆಳ್ಳಗಾಗಿ ಮೆರೆಯುವ ಆಸೆ ಅವಳಿಗಿರಲಿಲ್ಲ. ಅಂಗಡಿಯ ಮೇಲೆ ಅವಳದೇ ಒಂದು ಕೋಣೆಯಿತ್ತು. ಎರಡು ಕಡೆ ಕಿಟಕಿ, ನಡುವೆ ದೊಡ್ಡ ಮೇಜು, ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಕಣ್ಣಿಗೆ ಬೀಳುವಷ್ಟು ಬೆಳಕು. ಅಲ್ಲಿಗೆ ಇಪ್ಪತ್ತೆರಡು ಮೆಟ್ಟಿಲು. ಮಂಡಿಗಳು ಕೈಕೊಟ್ಟು ಮೂರು ವರ್ಷವಾಗಿತ್ತು. ಅಂದಿನಿಂದ ಅವಳು ಕೆಳಗೆ, ಟ್ಯೂಬ್‌ಲೈಟಿನ ಕೆಳಗೆ, ಮಡಚುವ ಮೇಜಿನ ಮೇಲೆ ಕೆಲಸ ಮಾಡುತ್ತ, ಆಗಾಗ ತಲೆಯೆತ್ತಿ ಛಾವಣಿಯನ್ನು ನೋಡುತ್ತಿದ್ದಳು.

"ಅಕ್ಕ, ಇದಕ್ಕೆ ಅಳತೆ ಎಲ್ಲಿಂದ ತಗೊಂಡೆ?"

"ಲೆಕ್ಕ ಹಾಕಿ ತಗೊಂಡೆ. ಕಣ್ಣಳತೆ ಅಂದ್ಕೊಂಡ್ಯಾ?" ಅಕ್ಕ ಗೋಡೆ ತೋರಿಸಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅಲ್ಲಿ ಬರೆದಿತ್ತು: 118.6 ಕಿಲೋ. ಅದರಲ್ಲಿ ನೂರಕ್ಕೆ ಎಪ್ಪತ್ತು, 83. ಉಳಿದದ್ದು 35.6. "ಮೂವತ್ತೈದೂವರೆ ಕಿಲೋ ಇರೋ ಗಿರಾಕಿ ನಮ್ಮಲ್ಲಿ ಒಬ್ಬಳೇ. ಆರನೇ ಕ್ಲಾಸಿನ ಹುಡುಗಿ. ಅವಳ ಎದೆ, ಸೊಂಟ ತಗೊಂಡೆ. ಉದ್ದ ನಂದೇ ಇಟ್ಟೆ, ಎತ್ತರ ಇಳಿಯಲ್ಲವಲ್ಲ."

"ಎಪ್ಪತ್ತು ಅಂತ ಯಾರು ಹೇಳಿದ್ದು?"

"ನೀನೇ!"

ತಂಗಿ ಗೋಡೆಯ ಅಂಕಿಗಳನ್ನು ಮತ್ತೊಮ್ಮೆ ಓದಿದಳು. ಒಂದು ತಿಂಗಳ ಹಿಂದೆ, ಕಿಕ್ಕಿರಿದ ಬಸ್ಸಿನಲ್ಲಿ ಒಂದೇ ಕೈಯಲ್ಲಿ ಕಂಬಿ ಹಿಡಿದು, ಹೆದರಿ ಕೂತಿದ್ದ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು: ನಮ್ಮ ಆಸ್ಪತ್ರೆ ಡಾಕ್ಟರದೇ ಪೇಪರ್ ಇದೆ ಅಕ್ಕ, ಎಪ್ಪತ್ತು ಪರ್ಸೆಂಟ್ ಇಳಿಯುತ್ತಂತೆ, ಯೋಚನೆ ಮಾಡ್ಬೇಡ. ಅಷ್ಟೇ. ಯಾವುದರ ಎಪ್ಪತ್ತು ಎಂದು ಹೇಳಿರಲಿಲ್ಲ. ಈ ಶಸ್ತ್ರಚಿಕಿತ್ಸೆಯ ಲೋಕದಲ್ಲಿ ಎಪ್ಪತ್ತು ಎಂದರೆ ಹೆಚ್ಚುವರಿ ತೂಕದಲ್ಲಿ ಎಪ್ಪತ್ತು, ಅಂದರೆ ಎತ್ತರಕ್ಕೆ ತಕ್ಕದ್ದೆಂದು ಒಪ್ಪಿದ ತೂಕದ ಮೇಲೆ ಇರುವುದರಲ್ಲಿ ಎಪ್ಪತ್ತು. ಅದು ಅವಳಿಗೆ ಉಸಿರಾಟದಷ್ಟು ಗೊತ್ತು. ಉಸಿರಾಟವನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ?

"ನಿನಗೆ ಜಾಸ್ತಿ ಅನ್ನಿಸ್ಲಿಲ್ವಾ ಅಕ್ಕ?"

"ಅನ್ನಿಸ್ತು. ರೋಬೋಟ್ ಅಲ್ವಾ, ಕಟ್ಟುನಿಟ್ಟಾಗಿ ಮಾಡುತ್ತೆ ಅಂದ್ಕೊಂಡೆ."

ಭಾವನ ಇಸ್ತ್ರಿಪೆಟ್ಟಿಗೆ ನೆಲಕ್ಕೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. "ನಾನೂ ಹೇಳ್ದೆ, ಗಾಳಿ ಜೋರಾಗಿರೋ ದಿನ ಇವಳ ಜೇಬಿಗೆ ಇಸ್ತ್ರಿಪೆಟ್ಟಿಗೆ ಹಾಕಿ ಕಳಿಸ್ಬೇಕಾಗುತ್ತೆ ಅಂತ. ಕೇಳ್ಬೇಕಲ್ಲ! ಏನಮ್ಮಾ ಹೇಳಿಲ್ಲ, ನೀನಾದ್ರೂ ಹೇಳು."

"ಹೇಳಿಲ್ಲ" ಎಂಬುದು ಭಾವ ನಾದಿನಿಗೆ ಇಟ್ಟ ಅಡ್ಡಹೆಸರು. ಅವಳು ಬಾಯಿ ತೆರೆಯುವುದಕ್ಕೂ, ಬ್ಯಾಂಡಿನಲ್ಲಿ ತುತ್ತೂರಿ ಊದುವವರೊಬ್ಬರು ಗುಂಡಿ ಕಿತ್ತುಹೋದ ಕೋಟು ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು. ಅಕ್ಕ ಅವರಿಗೂ ಗೌನು ತೋರಿಸಿದಳು. ತುತ್ತೂರಿಯವರು ಗೌನನ್ನು ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಗೌನನ್ನು ನೋಡಿದರು. "ಬಣ್ಣ ಚೆನ್ನಾಗಿದೆ" ಎಂದರು. ಜಾಣರು.

ತಂಗಿ ಆಸ್ಪತ್ರೆಗೆ ಸೇರಿಸುವ ಕಾಗದಗಳನ್ನು ಮೇಜಿನ ಮೇಲಿಟ್ಟು, "ಮಧ್ಯಾಹ್ನ ಎರಡೂವರೆಗೆ ಡಾಕ್ಟರ ಹತ್ರ, ಮರೀಬೇಡ" ಎಂದು ಹೊರಗೆ ಓಡಿದಳು. ಹೇಳಬೇಕಾದದ್ದನ್ನು ಹೇಳಲಿಲ್ಲ. ಹೇಳಿದರೆ ಅಕ್ಕ ಶುಕ್ರವಾರ ಬರುವುದಿಲ್ಲವೇನೋ. ಹೇಳದಿದ್ದರೆ ಸುಳ್ಳು ಅಂಕಿಯೊಂದನ್ನು ನಂಬಿ, ಆ ಅಂಕಿಯ ಅಳತೆಗೆ ಬಟ್ಟೆ ಹೊಲಿದಿಟ್ಟು, ಅಕ್ಕ ಆಪರೇಷನ್ ಮೇಜಿನ ಮೇಲೆ ಮಲಗುತ್ತಾಳೆ. ಆ ಅಂಕಿ ಕೊಟ್ಟವಳು ತಾನು.

ತಂಗಿಯ ಕೆಲಸ ಏನೆಂದು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಈ ಪೇಚಿನ ಸೊಗಸು ಗೊತ್ತಾಗುವುದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಸಂಶೋಧನಾ ವಿಭಾಗದಲ್ಲಿ ಕೂತು, ರೋಬೋಟಿನಿಂದ ಮಾಡಿದ ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳ ಬಗ್ಗೆ ಅಚ್ಚಾದ ಸಂಶೋಧನಾ ಲೇಖನಗಳನ್ನು ಅವಳು ಓದುತ್ತಿದ್ದಳು. ಶಸ್ತ್ರಚಿಕಿತ್ಸೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವುದು ಅವಳ ಕೆಲಸವಲ್ಲ. ಓದುವವರಿಗೆ ಬೇಕಾದದ್ದನ್ನೆಲ್ಲ ಲೇಖನ ಹೇಳಿದೆಯೇ ಎಂದು ಮಾತ್ರ ನೋಡಬೇಕು. ರೋಬೋಟನ್ನು ನಡೆಸಿದವರು ಯಾರು, ಅವರಿಗೆ ಎಷ್ಟು ಅನುಭವವಿತ್ತು, ಸಮಯವನ್ನು ಎಲ್ಲಿಂದ ಎಲ್ಲಿಗೆ ಅಳೆದರು, ಎಷ್ಟು ರೋಗಿಗಳು ಮತ್ತೆ ಬಂದರು, ಹೀಗೆ ಮೂವತ್ನಾಲ್ಕು ಪ್ರಶ್ನೆ. ಪ್ರತಿ ಪ್ರಶ್ನೆಯ ಮುಂದೆ "ಹೇಳಿದೆ" ಅಥವಾ "ಹೇಳಿಲ್ಲ" ಎಂದು ಬರೆಯಬೇಕು. ನಲವತ್ತೊಂದು ಲೇಖನ, ಮೂವತ್ನಾಲ್ಕು ಪ್ರಶ್ನೆ. ಹಗಲೆಲ್ಲ "ಹೇಳಿಲ್ಲ, ಹೇಳಿಲ್ಲ" ಎಂದು ಬರೆದು ಬರೆದು, ಮನೆಯಲ್ಲಿ ಉಪ್ಪು ಕಡಿಮೆಯಾದರೂ "ಉಪ್ಪು ಹೇಳಿಲ್ಲ" ಎನ್ನುವ ಮಟ್ಟಕ್ಕೆ ಬಂದಿದ್ದಳು. ಭಾವನ ಅಡ್ಡಹೆಸರು ಸುಮ್ಮನೆ ಹುಟ್ಟಿದ್ದಲ್ಲ.

ಇದೇ ಕೆಲಸವನ್ನು ಅವಳ ಸಹೋದ್ಯೋಗಿಯೊಬ್ಬರು ಬೇರೆ ಕೋಣೆಯಲ್ಲಿ ಕೂತು, ಅವಳ ಉತ್ತರ ನೋಡದೆ ಮಾಡುತ್ತಿದ್ದರು. ಹಿಂದೆ ಔಷಧಿ ಅಂಗಡಿ ನಡೆಸಿದ್ದ, ಈಗ ಕೂದಲಿಗಿಂತ ಕನ್ನಡಕವೇ ಹೆಚ್ಚಾಗಿ ಕಾಣುವ ಮನುಷ್ಯ. ಪ್ರತಿ ಪದವನ್ನೂ ಹಿಡಿದೆತ್ತಿ ಬೆಳಕಿಗೆ ಒಡ್ಡುತ್ತಿದ್ದರಿಂದ ಇಡೀ ಮಹಡಿಗೆ ಅವರು "ಚಿಮಟ". ಇಬ್ಬರ ಉತ್ತರಗಳಲ್ಲಿ ಎಂಬತ್ತೇಳು ಕಡೆ ಭಿನ್ನಾಭಿಪ್ರಾಯ ಬಂದಿತ್ತು. ಎಂಬತ್ತಾರು ಬಗೆಹರಿದಿತ್ತು. ಉಳಿದದ್ದು ಒಂದು: ಹದಿನೇಳನೇ ಲೇಖನ, ಇಪ್ಪತ್ತೆರಡನೇ ಪ್ರಶ್ನೆ. ಒಂದು ವಾರದಿಂದ ಇಬ್ಬರೂ ಅದಕ್ಕೆ ಹಗ್ಗಜಗ್ಗಾಟ ಆಡುತ್ತಿದ್ದರು. ಹದಿನೇಳನೇ ಲೇಖನ ತಮ್ಮದೇ ಆಸ್ಪತ್ರೆಯ ಡಾಕ್ಟರದು, ಅಕ್ಕನ ಡಾಕ್ಟರದು.

ಹನ್ನೊಂದಕ್ಕೆ ಚಿಮಟ ಹಾಳೆ ಹಿಡಿದು ಬಂದರು. "ಇವತ್ತು ಇದನ್ನ ಮುಗಿಸೋಣ ತಾಯಿ. ಇಪ್ಪತ್ತೆರಡನೇ ಪ್ರಶ್ನೆ: ತೂಕದ ಇಳಿಕೆಯನ್ನ ಯಾವುದರ ಪಾಲಾಗಿ ಲೆಕ್ಕ ಹಾಕಿದ್ರು, ಹೇಳಿದೆಯಾ? ನೀವು ಹೇಳಿದೆ ಅಂತೀರಿ. ನಾನು ಹೇಳಿಲ್ಲ ಅಂತೀನಿ. ಎಲ್ಲಿ ಹೇಳಿದೆ, ಬೆರಳಿಟ್ಟು ತೋರಿಸಿ."

ತಂಗಿ ಲೇಖನವನ್ನು ಎಳೆದುಕೊಂಡು ಬೆರಳಿಟ್ಟಳು. "ತೂಕದ ಇಳಿಕೆ ಒಂದು ವರ್ಷಕ್ಕೆ ಶೇಕಡ 70.2." ಬೆರಳು ಮುಂದಕ್ಕೆ ಸರಿಯಿತು. ಪೂರ್ಣವಿರಾಮ. ಇನ್ನೂ ಮುಂದಕ್ಕೆ ಸರಿಯಿತು. ಹೊಸ ಪ್ಯಾರಾ. ಪುಟ ತಿರುಗಿಸಿದಳು, ಹಿಂದಿನ ಪುಟಕ್ಕೆ ಬಂದಳು, ಕೋಷ್ಟಕಗಳ ಕೆಳಗಿನ ಇರುವೆಯಂಥ ಅಕ್ಷರಗಳನ್ನೆಲ್ಲ ಓದಿದಳು. "ಹೆಚ್ಚುವರಿ" ಎಂಬ ಪದ ಎಲ್ಲಿಯೂ ಇರಲಿಲ್ಲ. ಒಂದು ಸಲವೂ ಇರಲಿಲ್ಲ. ಆ ಪದವನ್ನು ಅಲ್ಲಿ ಇಟ್ಟು ಓದಿದ್ದು ಅವಳ ತಲೆ.

"ನಿಮ್ಮ ತಲೇಲಿರೋದು ಕಾಗದದ ಮೇಲಿಲ್ಲ" ಎಂದರು ಚಿಮಟ, ಮೃದುವಾಗಿ.

ತಂಗಿಗೆ ಹೊಟ್ಟೆಯ ಬುಡದಿಂದ ನಗು ಬಂತು. ತಡೆಯಲು ಹೋದಷ್ಟೂ ಜೋರಾಯಿತು. ಮೇಜಿಗೆ ಹಣೆ ಒತ್ತಿ ನಕ್ಕಳು, ಕುರ್ಚಿಯ ಹಿಡಿ ಹಿಡಿದು ನಕ್ಕಳು. ಚಿಮಟ ಗಾಬರಿಯಾಗಿ ನೀರಿನ ಬಾಟಲಿ ತೆರೆದರು. ಬಿಕ್ಕಳಿಕೆಗಳ ನಡುವೆ ಅವಳು ಗೌನಿನ ಕಥೆ ಹೇಳಿದಳು: ನೇರಳೆ, ಆಳುದ್ದ, ಒಂದೂವರೆ ಗೇಣು. ಚಿಮಟ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಹತ್ತು ವರ್ಷದ ಸಹವಾಸದಲ್ಲಿ ಅವರ ನಗು ಹೇಗಿರುತ್ತದೆಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಅದು ಹೊಲಿಗೆಯಂತ್ರಕ್ಕೆ ಎಣ್ಣೆ ಕಡಿಮೆಯಾದಾಗಿನ ಸದ್ದು.

"ದೀಪದ ಕೆಳಗೆ ಕತ್ತಲೆ" ಎಂದಳು ತಂಗಿ, ಕಣ್ಣೊರೆಸಿಕೊಂಡು. "ಬರ್ಕೊಳ್ಳಿ. ಹೇಳಿಲ್ಲ."

"ಅದು ಪೇಪರಿಗೆ. ಅಕ್ಕನಿಗೆ?"

ನಗು ಅಲ್ಲಿಗೇ ನಿಂತಿತು. "ಹೇಳಿಲ್ಲ" ಎಂದಳು.

ಎರಡು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಅಕ್ಕ ಆಸ್ಪತ್ರೆಯ ಲಿಫ್ಟಿನ ಮುಂದೆ ನಿಂತಿದ್ದಳು. ಕತ್ತಿನಲ್ಲಿ ಅಳತೆಯ ಟೇಪು, ತೆಗೆಯಲು ಮರೆತದ್ದು. ಕೈಯಲ್ಲಿ ಒಂದು ಚೀಲ, ಅದರ ಬಾಯಿಯಲ್ಲಿ ನೇರಳೆ ಇಣುಕುತ್ತಿತ್ತು.

"ಅದನ್ನ ಯಾಕೆ ತಂದೆ?"

"ಡಾಕ್ಟರಿಗೆ ತೋರಿಸೋಕೆ. ಅವರಿಗೂ ಒಂದು ಗುರಿ ಬೇಡ್ವೇನೇ?"

ಲಿಫ್ಟಿನಲ್ಲಿ ಆರು ಜನ. ಡಾಕ್ಟರ ಕೋಣೆ ಐದನೇ ಮಹಡಿ. ಈಗ ಹೇಳದಿದ್ದರೆ ಗೌನು ಡಾಕ್ಟರ ಮೇಜಿನ ಮೇಲೆ ಮಲಗುತ್ತದೆ. ತಂಗಿ ಅಕ್ಕನ ಕಿವಿಯ ಹತ್ತಿರ ಬಾಗಿದಳು. "ಅಕ್ಕ, ಅದು ಎಪ್ಪತ್ತಲ್ಲ. ಅಂದ್ರೆ ಎಪ್ಪತ್ತೇ. ಆದ್ರೆ ಬೇರೆಯದರ ಎಪ್ಪತ್ತು."

"ಏನು ಬೇರೆಯದು?"

"ನಿನ್ನ ಎತ್ತರಕ್ಕೆ ಅರವತ್ತೆರಡೂವರೆ ಕಿಲೋ ಸರಿ ಅಂತ ಒಂದು ಲೆಕ್ಕ. ಅದರ ಮೇಲಿರೋದು ಐವತ್ತಾರು ಚಿಲ್ಲರೆ. ಆ ಐವತ್ತಾರರಲ್ಲಿ ಎಪ್ಪತ್ತು ಪರ್ಸೆಂಟ್. ಪೇಪರಲ್ಲಿ ಬರ್ದಿಲ್ಲ. ನಾನೂ ಹೇಳ್ಲಿಲ್ಲ. ತಪ್ಪು ನಂದು."

"ಹಾಗಾದ್ರೆ ನಾನು ಎಷ್ಟಾಗ್ತೀನಿ?"

"ಎಪ್ಪತ್ತೊಂಬತ್ತು ಕಿಲೋ. ಹತ್ತಿರ ಹತ್ತಿರ."

ಎರಡನೇ ಮಹಡಿಯಿಂದ ಐದನೆಯವರೆಗೆ ಅಕ್ಕ ಚೀಲದ ಬಾಯಿಯಲ್ಲಿ ಇಣುಕುತ್ತಿದ್ದ ನೇರಳೆಯನ್ನು ಒಳಗೆ ತುರುಕುತ್ತಿದ್ದಳು.  ಲಿಫ್ಟಿನಲ್ಲಿದ್ದ ಬೇರೆ ನಾಲ್ವರು, ಎಲ್ಲ ಕೇಳಿಸಿಕೊಂಡವರು, ಮಹಡಿಯ ಅಂಕಿಗಳನ್ನೇ ನೋಡುತ್ತಿದ್ದರು.

ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದು ತಿರುಗಿ ನಿಂತಳು. "ಗಿರಾಕಿ ಬಂದು 'ಎರಡು ಇಂಚು ಬಿಡಿ' ಅಂದ್ರೆ ನಾನು ಬಿಡ್ತೀನಾ? ಎಲ್ಲಿ, ಸೊಂಟದಲ್ಲೋ ತೋಳಲ್ಲೋ, ಒಳಗಡೆಯೋ ಹೊರಗಡೆಯೋ ಅಂತ ಪ್ರಾಣ ತಿಂತೀನಿ. ನಿನ್ನ ಮಾತ್ರ ಕೇಳ್ಲಿಲ್ಲ. ಯಾಕೆ ಗೊತ್ತಾ? ನೀನು ಓದಿದವಳು." ತಂಗಿಯ ಕಣ್ಣು ತುಂಬುವುದನ್ನು ನೋಡಿ ಅವಳ ತಲೆಗೆ ಟೇಪಿನ ತುದಿಯಿಂದ ಒಂದು ಏಟು ಹಾಕಿದಳು. "ಅಳಬೇಡ, ಮೂದೇವಿ. ನಡಿ. ಇನ್ಮುಂದೆ ನಾನೇ ಕೇಳ್ತೀನಿ. ನಿನ್ನ ಆ ಪ್ರಶ್ನೆಗಳ ಪಟ್ಟಿ ಇದೆಯಲ್ಲ, ಕೊಡು ಇಲ್ಲಿ."

"ಅಕ್ಕ, ಅದು ಪೇಪರುಗಳಿಗೆ."

"ಪೇಪರ್ ಬರೆದವರು ಒಳಗೇ ಇದ್ದಾರಲ್ಲ."

ಡಾಕ್ಟರು ದೊಡ್ಡ ನಗುವಿನ ಮನುಷ್ಯ. ರೋಗಿಯಿಂದ ಮೂರು ಮೀಟರು ದೂರದಲ್ಲಿ ಕುರ್ಚಿಯಲ್ಲಿ ಕೂತು, ಪರದೆಯೊಳಗೆ ಕಣ್ಣಿಟ್ಟು, ಬೆರಳುಗಳಿಂದ ರೋಬೋಟಿನ ತೋಳುಗಳನ್ನು ಆಡಿಸುವವರಾದ್ದರಿಂದ ನರ್ಸುಗಳು ಬೆನ್ನ ಹಿಂದೆ "ಕುರ್ಚಿ ಡಾಕ್ಟರು" ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಇಷ್ಟವೂ ಆಗಿತ್ತು. ಅಕ್ಕ ಅವರ ಎದುರಿಗೆ ಕೂತು ಪಟ್ಟಿಯನ್ನೂ ತಂಗಿ ಅದರ ಜೊತೆ ಕೊಟ್ಟ ಹದಿನೇಳನೇ ಲೇಖನವನ್ನೂ ತೊಡೆಯ ಮೇಲೆ ಹರಡಿಕೊಂಡು, ಸೀಮೆಸುಣ್ಣದ ತುಂಡನ್ನು ಉಗುರಿನಿಂದ ಚೂಪು ಮಾಡಿದಳು.

"ಡಾಕ್ಟ್ರೇ, ಹೋದ ಸಲ ನೀವು 'ಚೆನ್ನಾಗಿ ಇಳಿಯುತ್ತೆ' ಅಂದ್ರಿ. ಚೆನ್ನಾಗಿ ಅಂದ್ರೆ ಎಷ್ಟು?"

"ಎಪ್ಪತ್ತು ಪರ್ಸೆಂಟ್ ಅಮ್ಮ. ನಮ್ಮ ಪೇಪರಲ್ಲೇ ಬಂದಿದೆ."

"ಯಾವುದರ ಎಪ್ಪತ್ತು?"

"ಹೆಚ್ಚುವರಿ ತೂಕದ್ದು."

"ಅದು ಪೇಪರಲ್ಲಿ ಇಲ್ವಂತೆ."

ಡಾಕ್ಟರು ತಂಗಿಯ ಕಡೆ ನೋಡಿದರು. ಹುಬ್ಬು ಸ್ವಲ್ಪ ಗಂಟಾಯಿತು. "ಎಲ್ಲರಿಗೂ ಗೊತ್ತಿರೋದೇ ಅಲ್ವೇ? ಅದನ್ನೂ ಬರೀಬೇಕಾ?"

 ಅಕ್ಕ ಚೀಲದಿಂದ ಗೌನು ತೆಗೆದು ಎದ್ದು ನಿಂತು, ಎದೆಗೆ ಹಿಡಿದುಕೊಂಡಳು.

ಡಾಕ್ಟರು ನೋಡಿದರು. "ಇದೇನು?"

"ನಿಮ್ಮ ಪೇಪರ್ ಅಂಕಿ ನಂಬಿ ನಾನು ಹೊಲಿದ ಗೌನು. ನೂರಾ ಹದಿನೆಂಟರಲ್ಲಿ ಎಪ್ಪತ್ತು ಪರ್ಸೆಂಟ್ ಕಳೆದು."

ಡಾಕ್ಟರು ಗೌನಿನ ಅಗಲಕ್ಕೆ ಗೇಣಿಟ್ಟು ನೋಡಿದರು. ಆಮೇಲೆ ಡಾಕ್ಟರ ಬಾಯಿಂದ ಹೊರಟ ನಗುವಿಗೆ ಹೊರಗೆ ಸರದಿಯಲ್ಲಿ ಕೂತಿದ್ದವರು ಬೆಚ್ಚಿ ಎದ್ದು ನಿಂತರಂತೆ. "ನನ್ನ ಮಗನ ಕೊಡೆಗೆ ಸರಿಹೋಗುತ್ತಮ್ಮಾ ಇದು!" ಎಂದು ಅವರು ಮೇಜು ಕುಟ್ಟಿದರು. ಅಕ್ಕನೂ ನಕ್ಕಳು. ಆದರೆ ಕೂರಲಿಲ್ಲ.

"ಎಲ್ಲರಿಗೂ ಅಂದ್ರಲ್ಲ. ಆ ಎಲ್ಲರಲ್ಲಿ ನಾನಿಲ್ಲ ನೋಡಿ. ಹೊಟ್ಟೆ ಮಾತ್ರ ನಂದು."

ಡಾಕ್ಟರ ನಗು ಮೆಲ್ಲಗೆ ಇಳಿಯಿತು. "ಕೂತ್ಕೊಳ್ಳಿ. ಮುಂದಿನದು ಕೇಳಿ" ಎಂದರು.

ಅಕ್ಕ ಕೇಳಿದಳು. ಬಿಡಲಿಲ್ಲ. ಆಪರೇಷನ್ನಿಗೆ ತೊಂಬತ್ತಾರು ನಿಮಿಷ ಎಂದು ಬರೆದಿದೆಯಲ್ಲ, ಎಲ್ಲಿಂದ ಎಲ್ಲಿಗೆ? ಶುರುವಿನಿಂದ ಮುಗಿಯುವವರೆಗೆ ಎಂದರು ಡಾಕ್ಟರು. "ಯಾರ ಶುರು?" ಎಂದಳು ಅಕ್ಕ. ಡಾಕ್ಟರು ಯೋಚಿಸಿ, ಆಪರೇಷನ್ ಕೋಣೆಯ ಹಿರಿಯ ನರ್ಸನ್ನು ಕರೆಸಿದರು. ಅವರು ದಪ್ಪ ರಿಜಿಸ್ಟರನ್ನು ಎದೆಗವಚಿಕೊಂಡು ಬಂದರು.

"ತೊಂಬತ್ತಾರಾ? ಅದು ನೀವು ಕುರ್ಚಿ ಮೇಲೆ ಕೂತಾಗಿಂದ ಏಳೋವರೆಗೆ ಸಾರ್" ಎಂದರು ಹಿರಿಯ ನರ್ಸು, ಹತ್ತು ವರ್ಷದಿಂದ ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದವರಂತೆ. "ಅದಕ್ಕೆ ಮುಂಚೆ ನಾವು ತೂತು ಮಾಡಿ ತೋಳು ಜೋಡಿಸ್ತೀವಲ್ಲ, ಅದಕ್ಕೆ ಮುಕ್ಕಾಲು ಗಂಟೆ. ನೀವು ಎದ್ದು ಕಾಫಿಗೆ ಹೋದ್ಮೇಲೆ ತೋಳು ಬಿಚ್ಚಿ ಹೊಲಿಗೆ ಹಾಕ್ತೀವಲ್ಲ, ಅದಕ್ಕೆ ಅರ್ಧ ಗಂಟೆ. ಅದೆಲ್ಲ ಯಾರ ಲೆಕ್ಕಕ್ಕೆ?"

"ಸಿಸ್ಟರ್, ಇದನ್ನ ನನಗೆ ಮೊದಲೇ ಹೇಳ್ಬೇಕಿತ್ತು."

"ನೀವು ಕೇಳಿಲ್ಲ" ಎಂದರು ಹಿರಿಯ ನರ್ಸು.

ಅಕ್ಕನಿಗೆ ಆ ಹೆಂಗಸಿನ ಮೇಲೆ ಪ್ರೀತಿ ಉಕ್ಕಿ ಬಂತು. "ಗುಂಡಿ, ಕಾಜ, ಇಸ್ತ್ರಿ ಎಲ್ಲ ಬಿಟ್ಟು ಬರೀ ಹೊಲಿಗೆ ಹೊತ್ತು ಹೇಳಿದ ಹಾಗಾಯ್ತು. ಹಾಗೆ ಹೇಳಿದ್ರೆ ನಾನು ಅರ್ಧ ಗಂಟೇಲಿ ಕೋಟು ಹೊಲೀತೀನಿ!" ಎಂದು ಲೇಖನದ ಕೊನೆಯ ಪುಟಕ್ಕೆ ಹೋದಳು. "ಅರವತ್ನಾಲ್ಕು ಜನಕ್ಕೆ ಆಪರೇಷನ್. ಒಂದು ವರ್ಷದ ತೂಕ ಇಪ್ಪತ್ಮೂರು ಜನದ್ದು ಮಾತ್ರ. ಬಾಕಿ ನಲವತ್ತೊಂದು ಜನ ಎಲ್ಲಿ ಡಾಕ್ಟ್ರೇ?"

"ಅವರು ಮತ್ತೆ ಬರಲಿಲ್ಲ."

"ನಾನು ಹೊಲಿದ ಬಟ್ಟೆ ಚೆನ್ನಾಗಾದ್ರೆ ಗಿರಾಕಿ ಬಂದು ಹೇಳ್ತಾರೆ. ಚೆನ್ನಾಗಾಗದಿದ್ರೆ ಬೇರೆ ಟೈಲರ್ ಹತ್ರ ಹೋಗ್ತಾರೆ. ಬಂದವರನ್ನ ಮಾತ್ರ ಎಣಿಸಿದ್ರೆ ನಾನೂ ಲೋಕಕ್ಕೇ ದೊಡ್ಡ ಟೈಲರ್ರೇ."

ಡಾಕ್ಟರ ಕಿವಿ ಕೆಂಪಾಯಿತು.  ಹತ್ತು ವರ್ಷದಿಂದ ತಂಗಿ ಹೀಗೆ ಕೇಳಬೇಕೆಂದುಕೊಂಡು, ಮರ್ಯಾದೆಗೆ ಅಂಜಿ, ಹಾಳೆಯ ಮೇಲೆ "ಹೇಳಿಲ್ಲ" ಎಂದಷ್ಟೇ ಬರೆದು ಮುಂದಿನ ಲೇಖನಕ್ಕೆ ಹೋಗುತ್ತಿದ್ದಳು. ಡಾಕ್ಟರು ಕಿಟಕಿಯಾಚೆ ಒಂದು ಕ್ಷಣ ನೋಡಿ, ಕೋಟಿನ ತೋಳು ಮೇಲೆ ಸರಿಸಿ, "ಸಿಸ್ಟರ್, ಆ ನಲವತ್ತೊಂದು ಜನದ ಫೋನ್ ನಂಬರ್ ತೆಗೀರಿ" ಎಂದರು. ಆಮೇಲೆ ಅಕ್ಕನಿಗೆ, "ನನಗೆ ಎರಡು ದಿನ ಕೊಡಿ. ಗುರುವಾರ ಸಂಜೆ ನಿಮಗೆ ಸರಿಯಾದ ಅಂಕಿ ಕೊಡ್ತೀನಿ. ಅದನ್ನ ನೋಡಿ ಬೇಡ ಅನ್ನಿಸಿದ್ರೆ ಶುಕ್ರವಾರ ಬರಬೇಡಿ."

"ಆಗಲಿ" ಎಂದಳು ಅಕ್ಕ. ಬಾಗಿಲಲ್ಲಿ ನಿಂತು ತಿರುಗಿದಳು. "ಡಾಕ್ಟ್ರೇ, ನಿಮ್ಮ ಕೋಟಿನ ಎಡತೋಳು ಬಲಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಇದೆ. ಭುಜದ ಹೊಲಿಗೆಯಿಂದ ಮಣಿಕಟ್ಟಿನವರೆಗೆ."

ಬುಧವಾರ, ಗುರುವಾರ ಮೂರನೇ ಮಹಡಿ ಟೆಲಿಫೋನ್ ಕಚೇರಿಯಾಯಿತು. ತಂಗಿ, ಚಿಮಟ, ಹಿರಿಯ ನರ್ಸು, ನಡುನಡುವೆ ಡಾಕ್ಟರೇ ಬಂದು ಫೋನು ಮಾಡಿದರು. ಒಬ್ಬರು ತಮ್ಮ ತೂಕವನ್ನು ಬಸ್ ನಿಲ್ದಾಣದಲ್ಲಿ ಸಾಮಾನು ತೂಗುವ ಯಂತ್ರದಲ್ಲಿ ನೋಡಿಕೊಂಡಿದ್ದಾಗಿ ಹೇಳಿದರು. "ಸೂಟ್‌ಕೇಸ್ ಸಮೇತಾನಾ?" ಎಂದು ಚಿಮಟ ಕೇಳಿದರು. "ಹೌದು, ಕೈಯಲ್ಲೇ ಇತ್ತು" ಎಂದರು ಅವರು. ಆ ಅಂಕಿಯನ್ನು ಕೈಬಿಡಬೇಕಾಯಿತು. ಒಬ್ಬ ಅಜ್ಜಿ, "ರೋಬೋಟಾ? ನನಗೆ ಮಾಡಿದ್ದು ಆ ನಗೋ ಡಾಕ್ಟ್ರು" ಎಂದು ಜಗಳಕ್ಕೆ ನಿಂತರು. ಇನ್ನೊಬ್ಬರು, ಡಾಕ್ಟರೇ ಫೋನಿನಲ್ಲಿದ್ದಾಗ, "ಡಾಕ್ಟರು ಏನ್ ಮಾಡಿದ್ರು? ಎಲ್ಲ ಮಾಡಿದ್ದು ಆ ಯಂತ್ರ, ಅದಕ್ಕೆ ನನ್ನ ನಮಸ್ಕಾರ ಹೇಳಿ" ಎಂದರು. "ಹೇಳ್ತೀನಿ" ಎಂದು ಡಾಕ್ಟರು ಫೋನಿಟ್ಟರು. ಚಿಮಟರ ಎಣ್ಣೆ ಕಡಿಮೆಯ ನಗು ಎರಡನೇ ಸಲ ಕೇಳಿಬಂತು. ಕೆಲವರು ತೂಕ ಇಳಿದಿಲ್ಲವೆಂದೂ, ಅದಕ್ಕೇ ನಾಚಿ ಬರಲಿಲ್ಲವೆಂದೂ ಮೆಲ್ಲಗೆ ಹೇಳಿದರು. ಆಗ ಯಾರೂ ನಗಲಿಲ್ಲ. ಡಾಕ್ಟರು ಅವರ ಜೊತೆ ತುಂಬ ಹೊತ್ತು ಮಾತಾಡಿ, ಮತ್ತೆ ಬರುವ ದಿನ ಗೊತ್ತುಮಾಡಿದರು.

ನಲವತ್ತೊಂದರಲ್ಲಿ ಮೂವತ್ತೈದು ಜನರ ವರ್ಷದ ತೂಕ ಅವರವರ ಡಾಕ್ಟರ ದಾಖಲೆಗಳಿಂದ ಸಿಕ್ಕಿತು. ಒಟ್ಟು ಐವತ್ತೆಂಟು. ಅಳೆದು ತೂಗಿ ಲೆಕ್ಕ ಹಾಕಿದಾಗ ಶೇಕಡ 70.2 ಇದ್ದದ್ದು 61.4 ಆಯಿತು. ಹೆಚ್ಚುವರಿ ತೂಕದ 61.4.

ಗುರುವಾರ ಸಂಜೆ ಐದಕ್ಕೆ ಡಾಕ್ಟರು ಅಂಗಡಿಗೆ ಬಂದರು. ಕೋಟು ಕೊಡಲಿಕ್ಕೆ ಬಂದೆ ಎಂದರು, ಆದರೆ ಮೊದಲು ಹಾಳೆ ಕೊಟ್ಟರು. ಅಕ್ಕ ಗೋಡೆಯ ಮೇಲಿನ ಹಳೆಯ ಲೆಕ್ಕವನ್ನು ಅಂಗೈಯಿಂದ ಅಳಿಸಿ, ಸೀಮೆಸುಣ್ಣದಲ್ಲಿ ಹೊಸದು ಬರೆದಳು. ಉತ್ತರ 84.2.

"ಇದು ಸರಾಸರಿ" ಎಂದರು ಡಾಕ್ಟರು. "ನಿಮ್ಮದು ಇದಕ್ಕಿಂತ ಮೇಲೂ ಇರಬಹುದು, ಕೆಳಗೂ ಇರಬಹುದು."

"ಎಂಬತ್ನಾಲ್ಕಕ್ಕೆ ಆ ಮೆಟ್ಟಿಲು ಹತ್ತೋಕಾಗುತ್ತಾ?"

ಭಾವ ಇಸ್ತ್ರಿ ನಿಲ್ಲಿಸಿದರು. ತಂಗಿ ಡಾಕ್ಟರ ಮುಖವನ್ನೇ ನೋಡಿದಳು. ಅವರು ಮೆಟ್ಟಿಲುಗಳ ಹತ್ತಿರ ಹೋಗಿ, ಬಾಗಿ, ಒಂದೊಂದಾಗಿ ಎಣಿಸಿದರು. ಆಮೇಲೆ, "ಆಗುತ್ತೆ ಅಂತ ನಾನು ಹೇಳಲ್ಲಮ್ಮ. ಮಂಡಿ ಮೇಲೆ ಭಾರ ಕಡಿಮೆಯಾಗುತ್ತೆ, ಅಷ್ಟು ಗೊತ್ತು. ಮೆಟ್ಟಿಲು ಹತ್ತಿದವರೆಷ್ಟು ಅಂತ ನಾನು ಯಾರನ್ನೂ ಕೇಳಿಲ್ಲ. ಪೇಪರಲ್ಲೂ ಹೇಳಿಲ್ಲ."

ಅಕ್ಕನ ಮುಖ ಅರಳಿತು. "ನೋಡೇ," ಎಂದಳು ತಂಗಿಗೆ, "ಈಗ ಇವರು ಸರಿಯಾದ ಟೈಲರ್. ಅಳತೆ ತಗೊಳ್ದೇ ಇರೋ ಜಾಗಕ್ಕೆ ಕತ್ತರಿ ಹಾಕ್ತಿಲ್ಲ." ಮತ್ತೆ ಡಾಕ್ಟರಿಗೆ, "ನಾಳೆ ಬರ್ತೀನಿ. ಎಂಟಕ್ಕೆ ಅಂದ್ರೆ ಎಂಟಕ್ಕೆ ಒಳಗೆ ಕರ್ಕೊಳ್ತೀರೋ, ಎಂಟಕ್ಕೆ ಬಂದು ಕೂತಿರ್ಬೇಕೋ?"

"ಎಂಟಕ್ಕೆ ಬಂದು ಕೂತಿರ್ಬೇಕು" ಎಂದು ಒಪ್ಪಿಕೊಂಡರು ಡಾಕ್ಟರು.

ಶುಕ್ರವಾರ ಹಿರಿಯ ನರ್ಸು ರಿಜಿಸ್ಟರಿನಲ್ಲಿ ಒಂದರ ಬದಲು ನಾಲ್ಕು ಸಮಯ ಬರೆದರು: ಮೊದಲ ತೂತು, ತೋಳು ಜೋಡಣೆ ಮುಗಿದದ್ದು, ಡಾಕ್ಟರು ಕುರ್ಚಿ ಬಿಟ್ಟದ್ದು, ಕೊನೆಯ ಹೊಲಿಗೆ. ಮಂಪರಿನಲ್ಲಿ ಕಣ್ಣು ತೆರೆದ ಅಕ್ಕ ಮೊದಲು ಆಡಿದ ಮಾತು, "ಒಳಗೆ ಎಷ್ಟು ಬಟ್ಟೆ ಬಿಟ್ರಿ?" ತಿದ್ದಿದ ಅಂಕಿಗಳೊಂದಿಗೆ ಡಾಕ್ಟರ ತಿದ್ದುಪಡಿ ಆರು ತಿಂಗಳ ನಂತರ ಅದೇ ಪತ್ರಿಕೆಯಲ್ಲಿ ಬಂತು, ಎರಡೂವರೆ ಪುಟ. ಎರಡೇ ಸಾಲು ಸಾಕೆಂದು ಸಂಪಾದಕರು ಕೇಳಿಕೊಂಡಿದ್ದರಂತೆ. ನೇರಳೆ ಗೌನು ಸಂಶೋಧನಾ ವಿಭಾಗದ ಬಾಗಿಲ ಹಿಂದೆ ನೇತಾಡುತ್ತಿದೆ. ಕಾಲರಿಗೆ ಚಿಮಟರ ಕೈಬರಹದ ಚೀಟಿ: ಪ್ರಶ್ನೆ 22. ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ದಿನವೇ ಅದರ ಬಗ್ಗೆ ಕೇಳುತ್ತಾರೆ. ಕೇಳದವರ ಬಗ್ಗೆ ಚಿಮಟರಿಗೆ ಅನುಮಾನ.

2024ರ ಮಾರ್ಚ್ 17, ಭಾನುವಾರ, ಬೆಳಗ್ಗೆ ಅಕ್ಕ ಎಲ್ಲರನ್ನೂ ಅಂಗಡಿಗೆ ಕರೆದಳು. ಭಾವ ತೂಕದ ಯಂತ್ರವನ್ನು ಹೊತ್ತು ಮೇಲಿನ ಕೋಣೆಗೆ ಒಯ್ದರು. ಹಿಂದೆ ಅಕ್ಕ ಹೊರಟಳು. ಒಂಬತ್ತನೇ ಮೆಟ್ಟಿಲಲ್ಲಿ ನಿಂತಳು, ಹದಿನಾರರಲ್ಲಿ ನಿಂತಳು, ಎರಡು ಸಲವೂ "ಹಿಂದಿನಿಂದ ತಳ್ಳೋದು ಲೆಕ್ಕಕ್ಕಿಲ್ಲ!" ಎಂದು ತಂಗಿಯನ್ನು ಗದರಿಸಿದಳು. ಇಪ್ಪತ್ತೆರಡನೆಯದರ ಮೇಲೆ ನಿಂತು, ಎರಡು ಕಿಟಕಿಗಳನ್ನೂ ತೆರೆದು, ದೊಡ್ಡ ಮೇಜಿನ ಮೇಲೆ ಕೈಯಾಡಿಸಿ, ಧೂಳು ಊದಿ, ಸೀನಿ, ನಕ್ಕಳು. ಚಿಮಟ ಪೆನ್ನು ತೆಗೆದರು. ಯಂತ್ರವನ್ನು ಸೊನ್ನೆಗೆ ತಂದದ್ದನ್ನು ಡಾಕ್ಟರು ಬಗ್ಗಿ ನೋಡಿದರು. ತಂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದಳು: ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷ, ಬೆಳಗ್ಗೆ 7 ಗಂಟೆ 10 ನಿಮಿಷ, ತಿಂಡಿಗೆ ಮುಂಚೆ, ಬರಿಗಾಲು, ತೆಳು ಹತ್ತಿಯ ಉಡುಪು, ಕತ್ತಿನ ಟೇಪು ತೆಗೆದು, ಯಾರ ಹೆಗಲನ್ನೂ ಹಿಡಿಯದೆ, ಒಟ್ಟು ತೂಕ, 86.3 ಕಿಲೋಗ್ರಾಂ.